ಅರಿಶಿಣ ಹಚ್ಚಿದ ಚೆಕ್ಕು

ಶಿವಗಂಗಮ್ಮನ ಕೈಗೆ ಆ ಚೆಕ್ಕು ಬಂದು ತೊಂಬತ್ತು ದಿನವಾಗಿತ್ತು. ನಾಳೆ ಒಂದು ದಿನ ಕಳೆದರೆ ಅದು ಬರೀ ಕಾಗದ. ಕಡಲೆಕಾಯಿ ಕಟ್ಟಿ ಕೊಡುವುದಕ್ಕೂ ಸಾಲದ, ಗೇಣುದ್ದದ ಕಾಗದ.

ಅದರ ಮೇಲೆ ಬರೆದದ್ದು ನಲವತ್ತಾರು ಸಾವಿರದ ಇನ್ನೂರು ರೂಪಾಯಿ. ಯಾರೂ ದಾನ ಕೊಟ್ಟದ್ದಲ್ಲ. ಬಸವೇಶ್ವರನಗರದ ಒಂದು ಬ್ಯಾಂಕಿನ ಶಾಖೆಯಲ್ಲಿ ಅವಳು ಆರು ವರ್ಷದಿಂದ ಕಸ ಹೊಡೆಯುತ್ತಾಳೆ, ನೆಲ ಒರೆಸುತ್ತಾಳೆ, ಎರಡು ಕಕ್ಕಸು ತೊಳೆಯುತ್ತಾಳೆ. ಆದರೆ ಅವಳು ಬ್ಯಾಂಕಿನವಳಲ್ಲ. ಸಂಪತ್ ಎಂಬ ಕಂಟ್ರಾಕ್ಟರನ ಏಜೆನ್ಸಿಯವಳು. ಬ್ಯಾಂಕು ಸಂಪತ್‌ಗೆ ಕೊಡುತ್ತದೆ, ಸಂಪತ್ ಇವಳಿಗೆ ಕೊಡಬೇಕು. ಏಳು ತಿಂಗಳು ಅವನು ಅರ್ಧ ಸಂಬಳ ಕೈಗಿಟ್ಟು ಉಳಿದರ್ಧಕ್ಕೆ ‘ಆಮೇಲೆ’ ಎಂದ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ಅವನ ಕೈಕೆಳಗಿನ ಏಳು ಹೆಂಗಸರು ಸೇರಿ ಲೇಬರ್ ಆಫೀಸಿಗೆ ಅರ್ಜಿ ಹಾಕಿದರು. ಸಂಪತ್ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದ. ಸಾಹೇಬರ ಎದುರಿಗೇ ಏಳು ಚೆಕ್ಕು ಬರೆದ. ಜೂನ್ ಹನ್ನೆರಡು ಎಂದು ತಾರೀಖು ಹಾಕಿದ. ಒಂದು ಕೈಯಲ್ಲಿ ಚೆಕ್ಕು ಕೊಟ್ಟು, ಇನ್ನೊಂದು ಕೈಯಲ್ಲಿ ‘ನಮ್ಮ ಬಾಕಿ ತೀರಿದೆ, ಅರ್ಜಿ ವಾಪಸ್ ಪಡೆದಿದ್ದೇವೆ’ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡ. ಸಾಹೇಬರು ಕಾಫಿ ಕುಡಿದು ಫೈಲು ಮುಚ್ಚಿದರು.

ಆ ದುಡ್ಡಿಗೆ ಒಂದೇ ದಾರಿ ಕಾದಿತ್ತು. ಬಾಪೂಜಿ ನಗರದಲ್ಲಿ ಅವಳಿದ್ದ ಒಂಟಿ ಕೋಣೆಯ ಮನೆಯನ್ನು ಒಡೆದು ಮೂರಂತಸ್ತು ಕಟ್ಟಿಸುತ್ತಾರಂತೆ. ಸೆಪ್ಟೆಂಬರ್ ಮುಗಿಯುವುದರೊಳಗೆ ಖಾಲಿ ಮಾಡಬೇಕು. ಕೆಂಗೇರಿ ಹತ್ತಿರ ಒಂದು ರೂಮು ನೋಡಿದ್ದಳು. ನಲವತ್ತು ಸಾವಿರ ಅಡ್ವಾನ್ಸು. ಗಂಡ ಸತ್ತ ಹೆಂಗಸಿಗೆ, ಅದೂ ‘ಯಾವ ಜನ ನೀವು’ ಎಂದು ಕೇಳಿದಾಗ ಸುಳ್ಳು ಹೇಳದ ಹೆಂಗಸಿಗೆ ಬಾಡಿಗೆ ಮನೆ ಸಿಗುವುದು ಎಷ್ಟು ಸುಲಭ ಎಂದು ಈ ಊರಿನಲ್ಲಿ ಮನೆ ಹುಡುಕಿದವರಿಗೆ ಗೊತ್ತು. ಹನ್ನೊಂದು ಮನೆಯವರು ಇಲ್ಲ ಎಂದಿದ್ದರು. ಹನ್ನೆರಡನೆಯವರು ಹೂಂ ಎಂದಿದ್ದರು.

ಚೆಕ್ಕು ಬಂದ ದಿನ ಶಿವಗಂಗಮ್ಮ ಒಂದು ತಪ್ಪು ಮಾಡಿದಳು. ತಪ್ಪು ಎಂದು ಬೇರೆಯವರು ಹೇಳಿದರು, ಅವಳೂ ನಂಬಿದಳು. ಅವಳ ಅವ್ವ ಮನೆಗೆ ಬಂದ ಯಾವ ಹೊಸ ವಸ್ತುವನ್ನೂ ಹಾಗೇ ಒಳಗಿಟ್ಟವಳಲ್ಲ. ಲಗ್ನಪತ್ರಿಕೆಯಾಗಲಿ, ಹೊಸ ಸೀರೆಯಾಗಲಿ, ನಾಲ್ಕು ಮೂಲೆಗೆ ಅರಿಶಿಣ ಮುಟ್ಟಿಸಿ ದೇವರ ಮುಂದೆ ಇಟ್ಟೇ ಆಮೇಲಿನ ಮಾತು. ನಲವತ್ತೆಂಟು ವರ್ಷದ ಬಾಳಿನಲ್ಲಿ ತನ್ನ ಹೆಸರು ಬರೆದ ಇಷ್ಟು ದುಡ್ಡಿನ ಕಾಗದ ಇದೇ ಮೊದಲು. ಶಿವಗಂಗಮ್ಮ ಅರಿಶಿಣ ಕಲೆಸಿ ನಾಲ್ಕೂ ಮೂಲೆಗೆ ಬೆರಳೊತ್ತಿ ಎಲ್ಲಮ್ಮನ ಪಟದ ಮುಂದೆ ಇಟ್ಟಳು. ಅರಿಶಿಣ ಹಸಿಯಿತ್ತು. ಕೆಳಗಿನ ಮೂಲೆಯಿಂದ ಹರಿದು, ನಂಬರುಗಳಿರುವ ಬಿಳಿ ಪಟ್ಟಿಯ ಮೇಲೆ ನಿಂತಿತು.

ಮಾರನೆಯ ದಿನ ಚೆಕ್ಕು ಕಂಡ ಕೂಡಲೇ ಕೌಂಟರಿನ ಮಂಜುನಾಥ್ ತಲೆ ಕೊಡವಿದ.

“ಇದು ಮಷಿನ್ ಓದಲ್ಲಮ್ಮ. ಈ ಬಿಳಿ ಪಟ್ಟಿ ಮೇಲೆ ಒಂದು ಚುಕ್ಕೆನೂ ಇರಬಾರ್ದು. ಹೊಸ ಚೆಕ್ ಇಸ್ಕೊಂಡ್ ಬಾ.”

“ಸಾರ್, ಒರೆಸ್ಕೊಡ್ಲಾ?”

“ಒರೆಸಿದ್ರೆ ಇನ್ನೂ ಹಾಳಾಗತ್ತೆ. ನೆಲ ಅಂದ್ಕೊಂಡ್ಯಾ?”

ಇಡೀ ಶಾಖೆ ನಕ್ಕಿತು. ಅವಳ ಚೆಕ್ಕು ಒಂದು ವಾರ ಎಲ್ಲರ ಟೀಗೆ ಬಿಸ್ಕತ್ತಾಯಿತು. ಮ್ಯಾನೇಜರ್ ರಾಜೇಂದ್ರ ತನ್ನ ಮೇಲಿನವರಿಗೆ ಫೋನಿನಲ್ಲೂ ಹೇಳಿ ನಕ್ಕ, ಅವಳು ಅವನ ಟೇಬಲ್ಲಿನ ಅಡಿ ಗುಡಿಸುತ್ತಿರುವಾಗಲೇ. ಕುರ್ಚಿಯಿಂದ ಕಾಲು ಎತ್ತುವಷ್ಟೂ ಪುರಸೊತ್ತು ಅವನಿಗಿರಲಿಲ್ಲ. ಅವಳು ಅವನ ಬೂಟಿನ ಸುತ್ತ ಗುಡಿಸಿದಳು.

ಆಮೇಲೆ ಶುರುವಾಯಿತು ಅಲೆದಾಟ. ಬೆಳಿಗ್ಗೆ ಎಂಟಕ್ಕೆ ಶಾಖೆಗೆ ಬರಬೇಕು. ಹತ್ತರೊಳಗೆ ನೆಲ ಹೊಳೆಯಬೇಕು. ಫಿನಾಯಿಲಿಗೆ ಬೆರಳ ಸಂದಿ ಒಡೆದು ಉಪ್ಪು ತಾಗಿದರೆ ಜೀವ ಹೋಗುತ್ತಿತ್ತು. ಮಂಡಿ ಮಡಚಿದರೆ ಬಿಡಿಸುವುದಕ್ಕೆ ಗೋಡೆ ಹಿಡಿಯಬೇಕು. ಊಟ ಜನರೇಟರಿನ ಪಕ್ಕದ ಮೆಟ್ಟಿಲ ಮೇಲೆ. ನಾಲ್ಕಕ್ಕೆ ಬಿಟ್ಟರೆ ಬಸ್ಸು ಹತ್ತಿ, ಸೊನ್ನೆ ರೂಪಾಯಿ ಟಿಕೆಟ್ಟಿಗೆ ಕಂಡಕ್ಟರ್ ಮುಖ ಸಿಂಡರಿಸುವುದನ್ನು ನುಂಗಿಕೊಂಡು, ವಿಜಯನಗರದಲ್ಲಿದ್ದ ಸಂಪತ್‌ನ ಆಫೀಸಿಗೆ. ಅಲ್ಲಿ ಕೂರಲಿಕ್ಕೆ ಕುರ್ಚಿ ಇದೆ, ಅವಳಿಗಲ್ಲ.

“ನೀನೇ ಹಾಳು ಮಾಡ್ಕೊಂಡಿದ್ದು. ನಾನ್ ಕೊಟ್ಟಾಗ ಚೆನ್ನಾಗಿರ್ಲಿಲ್ವಾ?” ಎನ್ನುತ್ತಿದ್ದ ಸಂಪತ್. “ಚೆಕ್ ಬುಕ್ ಖಾಲಿ ಆಗಿದೆ. ನಾಳೆ ಬಾ.”

ಹಿಂದೆ ದೆವ್ವ ಒಳಗೆ ಬಾರದಿರಲಿ ಎಂದು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ಸಂಪತ್‌ಗೆ ಬರೆಯುವ ಖರ್ಚೂ ಇರಲಿಲ್ಲ. ಶಿವಗಂಗಮ್ಮ ಇಪ್ಪತ್ತಮೂರು ಸಲ ಹೋದಳು. ಹೋದಾಗಲೆಲ್ಲ ತನ್ನ ಬೆರಳನ್ನೇ ಶಪಿಸಿಕೊಂಡಳು. ಉಳಿದ ಆರು ಹೆಂಗಸರೂ ಬೇರೆ ಬೇರೆ ನೆಪ ಕೇಳಿ ಸುಸ್ತಾಗಿ, ಹತ್ತತ್ತು ಸಾವಿರ ನಗದು ತೆಗೆದುಕೊಂಡು ಚೆಕ್ಕುಗಳನ್ನು ಸಂಪತ್‌ಗೇ ಹಿಂದಿರುಗಿಸಿದ್ದರು. ಹಸಿದ ಹೊಟ್ಟೆ ಎಷ್ಟು ದಿನ ತಾಳುತ್ತದೆ. ಅವರನ್ನು ಬೈಯಲು ಶಿವಗಂಗಮ್ಮನಿಗೆ ಬಾಯಿ ಬರಲಿಲ್ಲ.

ಆ ತೊಂಬತ್ತನೆಯ ದಿನ, ಬುಧವಾರ, ಅವಳು ಕೌಂಟರಿನ ಮುಂದೆ ಚೆಲ್ಲಿದ್ದ ಟೀ ಒರೆಸುತ್ತಿದ್ದಳು. ಹಾರ್ಡ್‌ವೇರ್ ಅಂಗಡಿಯ ತಿಮ್ಮಯ್ಯ ದುಡ್ಡು ಬಿಡಿಸಿಕೊಳ್ಳಲು ಬಂದ. ಹೊಸ ಚೆಕ್ ಬುಕ್ಕಿಗೆ ಪೂಜೆ ಮಾಡಿಸಿ ಮೊದಲ ಹಾಳೆ ಹರಿದು ತಂದಿದ್ದ. ಹಾಳೆಯ ಮೇಲಿಂದ ಕೆಳಗಿನವರೆಗೂ ಕುಂಕುಮ. ಬಿಳಿ ಪಟ್ಟಿ ಕೆಂಪಗಾಗಿತ್ತು. ಮಂಜುನಾಥ್ ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ.

“ಒಳ್ಳೇದಾಗ್ಲಿ ಸಾರ್. ಐನೂರರದ್ದು ಕೊಡ್ಲಾ?”

ಐದು ನಿಮಿಷದಲ್ಲಿ ಎರಡು ಲಕ್ಷ ಎಣಿಸಿ ಕೊಟ್ಟ. ಶಿವಗಂಗಮ್ಮನ ಕೈಯಲ್ಲಿ ಒರೆಸುವ ಬಟ್ಟೆ ನಿಂತಲ್ಲೇ ನಿಂತಿತು. ಮಷಿನ್ನು ಕುಂಕುಮ ಓದುತ್ತದೆ, ಅರಿಶಿಣ ಓದುವುದಿಲ್ಲವೇ? ಅಥವಾ ಯಾರ ಮನೆಯ ಅರಿಶಿಣ ಎಂದು ಕೇಳುತ್ತದೆಯೇ?

ಶಾಖೆಗೆ ಹೊಸದಾಗಿ ಬಂದ ರಮ್ಯ ಎಂಬ ಹುಡುಗಿ ಆಫೀಸರ್ ಒಬ್ಬಳಿದ್ದಳು. ನಂದಿನಿ ಲೇಔಟಿನಿಂದ ಬರುತ್ತಿದ್ದಳು. ಆ ಶಾಖೆಯಲ್ಲಿ ಇವಳನ್ನು ‘ನೀವು’ ಎನ್ನುತ್ತಿದ್ದದ್ದು ಅವಳೊಬ್ಬಳೇ. ಊಟದ ಹೊತ್ತಿಗೆ ಶಿವಗಂಗಮ್ಮ ಅವಳ ಹತ್ತಿರ ಹೋದಳು.

“ಮೇಡಂ, ಬೈಕೊಬೇಡಿ. ತಿಮ್ಮಯ್ಯನೋರ ಚೆಕ್ಕಿಗೆ ಕುಂಕುಮ ಆಗಿತ್ತಲ್ಲ, ಮಷಿನ್ ಹೆಂಗೆ ಓದ್ತು?”

“ಅದಕ್ಕೆ ಮಷಿನ್ ಯಾಕೆ ಆಂಟಿ? ಬೇರೆ ಬ್ಯಾಂಕಿನ ಚೆಕ್ ಆದ್ರೆ ಇಲ್ಲಿ ಫೋಟೋ ತೆಗೆದು ಕ್ಲಿಯರಿಂಗ್‌ಗೆ ಕಳಿಸ್ಬೇಕು. ಆ ಬ್ಯಾಂಕಿನೋರು ಫೋಟೋ ನೋಡಿ ದುಡ್ಡು ಕೊಡ್ತೀವಿ ಅಂತಾರೆ, ಇಲ್ಲ ಅಂತಾರೆ. ಅವರದ್ದು ನಮ್ಮ ಬ್ರ್ಯಾಂಚಿಂದೇ ಚೆಕ್ಕು. ಎಲ್ಲಿಗೂ ಹೋಗಲ್ಲ. ಇಲ್ಲೇ ಸಹಿ ನೋಡ್ತೀವಿ, ತಾರೀಖು ನೋಡ್ತೀವಿ, ಅಕೌಂಟಲ್ಲಿ ದುಡ್ಡಿದ್ಯಾ ನೋಡ್ತೀವಿ. ಅಷ್ಟೇ.”

ಶಿವಗಂಗಮ್ಮ ರವಿಕೆಯೊಳಗಿನ ಪ್ಲಾಸ್ಟಿಕ್ ಕವರಿನಿಂದ ತನ್ನ ಚೆಕ್ಕು ತೆಗೆದು ಟೇಬಲ್ ಮೇಲಿಟ್ಟಳು. ರಮ್ಯ ಬಗ್ಗಿ ಓದಿದಳು. ಅವಳ ತುತ್ತು ಕೈಯಲ್ಲೇ ಉಳಿಯಿತು.

“ಇದೂ ನಮ್ಮ ಬ್ರ್ಯಾಂಚಿಂದೇ ಅಲ್ವಾ ಆಂಟಿ. ನಿಮ್ಮ ಅಕೌಂಟೂ ಇಲ್ಲೇ. ಇದನ್ನ ಯಾರು ಆಗಲ್ಲ ಅಂದಿದ್ದು?”

ಶಿವಗಂಗಮ್ಮ ಕೌಂಟರಿನ ಕಡೆ ನೋಡಿದಳು. ರಮ್ಯಳೂ ನೋಡಿ, ದನಿ ಇಳಿಸಿದಳು.

“ಚೆಕ್ ಕೊಟ್ಟೋರ ಅಕೌಂಟಲ್ಲಿ ದುಡ್ಡಿಲ್ದೆ ಇದ್ರೂ ಹಂಗೇ ವಾಪಸ್ ಕೊಡೋ ಹಾಗಿಲ್ಲ. ದುಡ್ಡಿಲ್ಲ ಅಂತ ಮೆಮೊ ಕೊಡ್ಬೇಕು. ಒಂದು ಚೀಟಿ. ಅದು ನಿಮ್ಮ ಕೈಗೆ ಬಂದ್ರೆ ಮೂವತ್ತು ದಿನದೊಳಗೆ ಲಾಯರ್ ನೋಟಿಸ್ ಕಳಿಸ್ಬಹುದು. ಅದಾದ್ಮೇಲೆ ಹದಿನೈದು ದಿನದಲ್ಲಿ ಕೊಡ್ಲಿಲ್ಲ ಅಂದ್ರೆ ಕೇಸು. ಜೈಲಿಗೂ ಹಾಕ್ಬಹುದು.”

“ಚೀಟಿ ಇಲ್ದೆ ಇದ್ರೆ?”

“ಚೀಟಿ ಇಲ್ದೆ ಏನೂ ಇಲ್ಲ. ಮೂರು ತಿಂಗಳು ದಾಟಿ ಹಾಕಿದ್ರೂ ಕೇಸ್ ನಿಲ್ಲಲ್ಲ. ನಾಳೇನೇ ಕೊನೆ.” ರಮ್ಯ ಡಬ್ಬಿ ಮುಚ್ಚಿದಳು. “ನಾನ್ ಹೇಳ್ದೆ ಅಂತ ಎಲ್ಲೂ ಹೇಳ್ಬೇಡಿ ಆಂಟಿ. ನಂದಿನ್ನೂ ಪ್ರೊಬೇಷನ್ನು.”

ಶಿವಗಂಗಮ್ಮನಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. ಮೂರು ತಿಂಗಳು ತನ್ನ ಬೆರಳನ್ನು ಶಪಿಸಿದ್ದಳು. ಅವ್ವನ ಪದ್ಧತಿಯನ್ನು ಶಪಿಸಿದ್ದಳು. ಎಲ್ಲಮ್ಮನ ಮೇಲೂ ಮುನಿಸಿಕೊಂಡಿದ್ದಳು. ಕೂತು ನಕ್ಕವರಿಗೆಲ್ಲ ಗೊತ್ತಿತ್ತು. ಸಂಪತ್‌ನ ಖಾತೆ ಬೋಳು ಎಂದು ಮಂಜುನಾಥ್‌ಗೆ ಮೊದಲ ದಿನವೇ ಗೊತ್ತಿತ್ತು. ಸಂಪತ್ ದೊಡ್ಡ ಗಿರಾಕಿ, ಅವನ ನೆಂಟರಿಷ್ಟರ ಡೆಪಾಸಿಟ್ಟೆಲ್ಲ ಇಲ್ಲೇ. ಅವನ ಕೊರಳಿಗೆ ಕೇಸು ಬೀಳದಿರಲಿ ಎಂದು ಇವಳ ಅರಿಶಿಣದ ಮೇಲೆ ತಪ್ಪು ಹೊರಿಸಿದರು. ಬಡವರ ತಲೆಗೆ ತಪ್ಪು ಹೊರಿಸುವುದು ಸುಲಭ, ಅವರು ತಾವಾಗಿಯೇ ತಲೆ ಬಗ್ಗಿಸಿ ಕೊಡುತ್ತಾರೆ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಅವಳು ಎಂದಿನಂತೆ ಬಂದಳು. ನೀಲಿ ಯೂನಿಫಾರ್ಮು ತೊಟ್ಟಳು. ಕಸಬರಿಗೆ ಮುಟ್ಟಲಿಲ್ಲ. ಬಕೆಟ್ಟಿಗೆ ನೀರು ಹಿಡಿಯಲಿಲ್ಲ. ಹತ್ತು ಗಂಟೆಗೆ ಬಾಗಿಲು ತೆರೆದಾಗ ಮಷಿನ್ನಿನ ಗುಂಡಿ ಒತ್ತಿ ಟೋಕನ್ ತೆಗೆದುಕೊಂಡಳು. ಕಾಲೇಜು ಹುಡುಗಿಯೊಬ್ಬಳ ಕೈಲಿ ಚಲನ್ ಬರೆಸಿದಳು. ಆರು ವರ್ಷ ದಿನಾ ಒರೆಸಿದ ಸ್ಟೀಲ್ ಕುರ್ಚಿಯ ಮೇಲೆ ಮೊದಲ ಸಲ ಕೂತಳು. ಕುರ್ಚಿ ತಣ್ಣಗಿತ್ತು.

ಬಾಗಿಲ ಸೆಕ್ಯುರಿಟಿ ಹನುಮಂತಯ್ಯ ಓಡಿ ಬಂದ. ಅವನೂ ಸಂಪತ್‌ನ ಏಜೆನ್ಸಿಯವನೇ. ಲೇಬರ್ ಆಫೀಸಿನ ಅರ್ಜಿಗೆ ಸಹಿ ಹಾಕು ಎಂದಾಗ ‘ನನಗೇನೂ ಬಾಕಿ ಇಲ್ಲಮ್ಮ’ ಎಂದು ಜಾರಿಕೊಂಡ ಮನುಷ್ಯ.

“ಎದ್ದೇಳು ತಾಯಿ. ಮ್ಯಾನೇಜರ್ ನೋಡಿದ್ರೆ ನನ್ನ ಬುಡಕ್ಕೂ ಬರತ್ತೆ.”

“ಟೋಕನ್ ಇದೆ ಅಣ್ಣ. ಕರೀಲಿ, ಏಳ್ತೀನಿ.”

ಹನ್ನೊಂದಕ್ಕೆ ನೆಲದ ಮೇಲೆ ಹೆಜ್ಜೆ ಗುರುತು ಮೂಡಿದವು. ಹನ್ನೊಂದೂವರೆಗೆ ಕಕ್ಕಸಿನ ವಾಸನೆ ಕ್ಯಾಬಿನ್ನಿಗೂ ಹೋಯಿತು. ರಾಜೇಂದ್ರ ಮೂಗು ಮುಚ್ಚಿಕೊಂಡು ಹೊರಗೆ ಬಂದ.

“ಏನಮ್ಮ ಇದು? ಮೊದ್ಲು ಎದ್ದು ಬಾತ್‌ರೂಮ್ ತೊಳಿ. ಕಸ್ಟಮರ್ಸ್ ಇದಾರೆ.”

“ನಾನೂ ಕಸ್ಟಮರ್ರೇ ಸಾರ್. ಹದಿನೇಳನೇ ನಂಬರು. ಇಪ್ಪತ್ತೆಂಟರವರೆಗೂ ಕರೆದ್ರು, ನನ್ನ ಒಬ್ಬಳದ್ದೇ ಬಿಟ್ರು.”

ಜನ ತಿರುಗಿ ನೋಡಿದರು. ರಾಜೇಂದ್ರ ದನಿ ಬದಲಿಸಿದ.

“ಆಯ್ತು, ಆ ಚೆಕ್ ಬಾಕ್ಸಿಗೆ ಹಾಕು. ನೋಡೋಣ.”

ಗೋಡೆಗೆ ತಗುಲಿದ ಚೆಕ್ಕಿನ ಡಬ್ಬ ಅದು. ಅದರ ಸುತ್ತ ಎಷ್ಟು ಸಾವಿರ ಸಲ ಧೂಳು ಹೊಡೆದಿದ್ದಾಳೋ.

“ಬಾಕ್ಸಿಗೆ ಹಾಕಿದ್ರೆ ರಸೀತಿ ಸಿಗಲ್ಲ. ಸಂಜೆ ಬೀಗ ತೆಗಿತೀರ, ಬೆಳಿಗ್ಗೆ ನೋಡ್ತೀರ. ಬೆಳಿಗ್ಗೆ ಇದು ಸತ್ತಿರತ್ತೆ. ಕೌಂಟರಲ್ಲೇ ಕೊಡ್ತೀನಿ ಸಾರ್. ಇದು ಈ ಬ್ರ್ಯಾಂಚಿನ ಚೆಕ್ಕು, ಎಲ್ಲಿಗೂ ಹೋಗೋದು ಬೇಕಿಲ್ಲ.”

ರಾಜೇಂದ್ರನ ಮುಖ ಕಪ್ಪಿಟ್ಟಿತು. “ಇದನ್ನೆಲ್ಲ ನಿಂಗೆ ಯಾರು ಹೇಳ್ಕೊಟ್ಟಿದ್ದು?”

ಒಳಗೆ ರಮ್ಯ ತಲೆ ಬಗ್ಗಿಸಿ ಟೈಪ್ ಮಾಡುತ್ತಿದ್ದಳು. ಅವಳ ಬೆರಳು ನಿಂತವು.

“ಆರು ವರ್ಷ ಇಲ್ಲೇ ನೆಲ ಒರೆಸಿದೀನಿ ಸಾರ್,” ಎಂದಳು ಶಿವಗಂಗಮ್ಮ. “ಕಿವಿ ಮನೇಲಿ ಬಿಟ್ಟು ಬರ್ತಿರ್ಲಿಲ್ಲ.”

ಒಂದು ಗಂಟೆಗೆ ಸಂಪತ್ ಬಂದ. ಅವಳ ಪಕ್ಕದ ಕುರ್ಚಿಯಲ್ಲಿ ಕೂತ. ಮೂರು ತಿಂಗಳಲ್ಲಿ ಒಮ್ಮೆಯೂ ಕೂರು ಎನ್ನದ ಗಂಡಸು ಈಗ ತಾನೇ ಬಂದು ಪಕ್ಕಕ್ಕೆ ಕೂತಿದ್ದ. ಜೇಬಿನಿಂದ ಮಡಚಿದ ನೋಟು ತೆಗೆದ.

“ಹದಿನೈದು ಇದೆ. ಬೇರೆಯವರಿಗೆ ಹತ್ತೇ ಕೊಟ್ಟಿದ್ದು. ಚೆಕ್ ಕೊಡು, ಹೋಗಿ ಬಾತ್‌ರೂಮ್ ತೊಳ್ಕೊ. ಮರ್ಯಾದೆಯಾಗಿ ಮುಗಿಸೋಣ.”

ಹದಿನೈದು ಸಾವಿರ. ಶಿವಗಂಗಮ್ಮನ ಕಣ್ಣು ನೋಟಿನ ಮೇಲೆ ನಿಂತದ್ದು ನಿಜ. ಕೆಂಗೇರಿಯ ರೂಮು ನೆನಪಾಯಿತು. ಅರ್ಧ ಅಡ್ವಾನ್ಸೂ ಆಗುವುದಿಲ್ಲ, ಆದರೂ ಕೈಗೆ ಸಿಗುವ ದುಡ್ಡು. ಅವಳು ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಕೂತಳು. ಕೈಯನ್ನು ಅವಳು ನಂಬಲಿಲ್ಲ.

“ನಲವತ್ತಾರು ಸಾವಿರದ ಇನ್ನೂರು.”

“ಕೇಸ್ ಹಾಕ್ತೀಯಾ? ಐದು ವರ್ಷ ಅಲೀತೀಯ ಕೋರ್ಟಿಗೆ.”

“ನಿಮ್ಮ ಆಫೀಸಿಗೂ ಅಲೆದಿದೀನಿ. ಕೋರ್ಟಲ್ಲಿ ಕೂರೋಕೆ ಬೆಂಚಾದ್ರೂ ಇರತ್ತೆ.”

“ನಾಳೆಯಿಂದ ಕೆಲ್ಸಕ್ಕೆ ಬರ್ಬೇಡ.”

“ಇವತ್ತೇ ಮಾಡಿಲ್ಲ. ನಾಳೆ ಮಾತ್ ಯಾಕೆ.”

ಸಂಪತ್ ಎದ್ದು ಕ್ಯಾಬಿನ್ನಿಗೆ ಹೋದ. ಗಾಜಿನ ಒಳಗೆ ಇಬ್ಬರು ಗಂಡಸರ ಬಾಯಿ ಆಡುತ್ತಿತ್ತು. ಹೊರಗೆ ಶಿವಗಂಗಮ್ಮ ಕೂತೇ ಇದ್ದಳು. ಎರಡು ಗಂಟೆಯಾಯಿತು. ಅವಳಿಗೆ ಮೂತ್ರಕ್ಕೆ ಹೋಗಬೇಕಿತ್ತು, ಏಳಲಿಲ್ಲ. ಎದ್ದರೆ ಟೋಕನ್ ದಾಟಿತು ಎನ್ನುತ್ತಾರೆ. ಸೊಂಟ ಬಿಗಿದು ಕೂತಳು. ಮೂರು ಗಂಟೆಯಾಯಿತು. ನೋವಿಗೆ ಕಣ್ಣಲ್ಲಿ ನೀರು ಬಂತು. ಅವರು ತನ್ನನ್ನು ಹೀಗೇ ಕೂರಿಸಿ ನಾಲ್ಕು ಗಂಟೆ ಮಾಡಿ ಕೌಂಟರು ಮುಚ್ಚುತ್ತಾರೆ ಎಂದು ಅವಳಿಗೆ ಅರ್ಥವಾಯಿತು.

ಅವಳು ಎದ್ದಳು. ಸಾಲು ಮುರಿದು ನೇರ ಕೌಂಟರಿಗೆ ಹೋಗಿ ಚಲನ್ನನ್ನೂ ಚೆಕ್ಕನ್ನೂ ಗಾಜಿನ ಕಿಂಡಿಯೊಳಗೆ ತಳ್ಳಿದಳು. ತಳ್ಳಿದ ಕೈಯನ್ನು ಹೊರಗೆ ತೆಗೆಯಲಿಲ್ಲ. ಮೊಣಕೈವರೆಗೂ ಕಿಂಡಿಯಲ್ಲೇ ಇಟ್ಟಳು. ಒಡೆದ ಬೆರಳು ಮಂಜುನಾಥ್‌ನ ಕೀಬೋರ್ಡಿನ ಪಕ್ಕ ಬಂದು ನಿಂತಿತು.

“ಕೈ ತೆಗಿಯಮ್ಮ.”

“ದುಡ್ಡು ಕೊಡಿ. ಇಲ್ಲಾ ಚೀಟಿ ಕೊಡಿ. ತೆಗಿತೀನಿ.”

“ಹನುಮಂತಯ್ಯ!” ಎಂದು ಕೂಗಿದ ಮಂಜುನಾಥ್. ಹನುಮಂತಯ್ಯ ಬಾಗಿಲಲ್ಲೇ ನಿಂತಿದ್ದ, ಬರಲಿಲ್ಲ. ಸಾಲಿನಲ್ಲಿದ್ದ ಮುದುಕಿಯೊಬ್ಬಳು, “ಅವಳ್ದು ಮುಗಿಸ್ರಪ್ಪ, ಬೆಳಿಗ್ಗೆಯಿಂದ ಕೂತಿದಾಳೆ, ನಾನೇ ಎರಡು ಸಲ ನೋಡ್ದೆ,” ಎಂದಳು. ಇನ್ನೊಬ್ಬ ಮೊಬೈಲು ಎತ್ತಿ ವಿಡಿಯೋ ತೆಗೆಯತೊಡಗಿದ. ಮಂಜುನಾಥ್ ಕ್ಯಾಬಿನ್ನಿನ ಕಡೆ ನೋಡಿದ. ರಾಜೇಂದ್ರ ಮೊಬೈಲನ್ನು ನೋಡಿ, ಮಾಡಿಕೊಡು ಎನ್ನುವಂತೆ ತಲೆಯಾಡಿಸಿದ.

ಐದು ನಿಮಿಷದ ಕೆಲಸ. ಸಹಿ ನೋಡಿದ, ತಾರೀಖು ನೋಡಿದ, ಖಾತೆ ನೋಡಿದ. ಅರಿಶಿಣದ ಕಡೆ ತಿರುಗಿಯೂ ನೋಡಲಿಲ್ಲ. ಪ್ರಿಂಟರು ಗರಗರ ಎಂದಿತು.

“ಸೀಲ್ ಹಾಕಿ ಸಾರ್. ಇವತ್ತಿನ ತಾರೀಖು ಕಾಣೋ ಹಂಗೆ.”

ಅವನು ಸೀಲು ಕುಟ್ಟಿದ. ಖಾತೆಯಲ್ಲಿ ಸಾಕಷ್ಟು ಹಣವಿಲ್ಲ ಎಂದು ಮೆಮೊದಲ್ಲಿ ಇಂಗ್ಲಿಷಿನಲ್ಲಿತ್ತು. ಅವಳು ವಿಡಿಯೋ ತೆಗೆದವನಿಗೆ ತೋರಿಸಿ ಓದಿಸಿಕೊಂಡಳು. ಎರಡು ಸಲ ಓದಿಸಿಕೊಂಡಳು. ಚೆಕ್ಕನ್ನೂ ಚೀಟಿಯನ್ನೂ ಕವರಿಗೆ ಹಾಕಿ ರವಿಕೆಯೊಳಗಿಟ್ಟಳು.

ದುಡ್ಡು ಬರಲಿಲ್ಲ. ಕೆಲಸ ಹೋಯಿತು. ಇಪ್ಪತ್ತು ದಿನದಲ್ಲಿ ಮನೆಯೂ ಹೋಗುತ್ತದೆ. ಇದೆಲ್ಲ ಅವಳಿಗೆ ಗೊತ್ತಿತ್ತು. ಆದರೂ ಮೂರು ತಿಂಗಳಿನಿಂದ ಎದೆಯ ಮೇಲೆ ಕೂತಿದ್ದ ಏನೋ ಒಂದು ಇಳಿದಿತ್ತು. ತಪ್ಪು ತನ್ನದಲ್ಲ ಎಂದು ಸೀಲು ಹೊಡೆದು ಬರೆದುಕೊಟ್ಟಿದ್ದರು.

ಬಾಗಿಲಲ್ಲಿ ಹನುಮಂತಯ್ಯ ಅಡ್ಡ ನಿಂತ. ತಡೆಯುತ್ತಾನೆ ಎಂದುಕೊಂಡು ಅವಳು ರವಿಕೆಯ ಮೇಲೆ ಕೈಯಿಟ್ಟಳು.

“ಕೊಟ್ರಾ?” ಎಂದ ಅವನು, ಮೆಲ್ಲಗೆ.

“ಕೊಟ್ರು.”

ಅವನು ಗಡಿಯಾರ ನೋಡಿದ. ಮೂರೂವರೆ. ಯೂನಿಫಾರ್ಮಿನ ಒಳಜೇಬಿಗೆ ಕೈ ಹಾಕಿ ಆಧಾರ್ ಕಾರ್ಡಿನ ಹಿಂದಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದ. ಚೆಕ್ಕು. ಅದೇ ಸಹಿ, ಅದೇ ಜೂನ್ ಹನ್ನೆರಡು. ಐವತ್ತೊಂದು ಸಾವಿರ.

“ನೀವೆಲ್ಲ ಲೇಬರ್ ಆಫೀಸಿಗೆ ಹೋಗೋ ದಿನ ಬೆಳಿಗ್ಗೆನೇ ನನಗೆ ಬರ್ಕೊಟ್ಟ. ಅವರ ಜೊತೆ ಸೇರ್ಬೇಡ, ಇದನ್ನ ಯಾರಿಗೂ ತೋರಿಸ್ಬೇಡ ಅಂದ. ಬಾಗಿಲಲ್ಲೇ ನಿಂತಿರೋನು ನಾನು, ಒಂದಿನ ಒಳಗೆ ಹೋಗಿ ಹಾಕೋ ಧೈರ್ಯ ಆಗ್ಲಿಲ್ಲ ತಾಯಿ.”

ಶಿವಗಂಗಮ್ಮನಿಗೆ ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು. ಮೊದಲೇ ಬಾಯಿ ಬಿಟ್ಟಿದ್ದರೆ ಎಂಟು ಜನವಾಗುತ್ತಿದ್ದರು. ಒಬ್ಬೊಬ್ಬರಾಗಿ ಹತ್ತು ಸಾವಿರಕ್ಕೆ ಮುರಿಯುತ್ತಿರಲಿಲ್ಲ. ಆದರೆ ಅರವತ್ತರ ಮುದುಕನ ಗದ್ದ ನಡುಗುತ್ತಿತ್ತು. ಅವಳು ಟೋಕನ್ ಮಷಿನ್ನಿನ ಗುಂಡಿ ಒತ್ತಿದಳು. ಬಂದ ಚೀಟಿಯನ್ನು ಅವನ ಕೈಗಿಟ್ಟು, ತಾನು ಕೂತಿದ್ದ ಕುರ್ಚಿ ತೋರಿಸಿದಳು.

ಹನುಮಂತಯ್ಯ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. ಕ್ಯಾಬಿನ್ನಿನ ಗಾಜಿನ ಒಳಗೆ ಸಂಪತ್ ಎದ್ದು ನಿಂತದ್ದು ಇಬ್ಬರಿಗೂ ಕಾಣಿಸಿತು.

“ಹೋಗಿ ಕೂತ್ಕೊಳಿ ಅಣ್ಣ,” ಎಂದಳು ಶಿವಗಂಗಮ್ಮ. “ಬಾಯಲ್ಲಿ ಹೇಳಿದ್ರೆ ಏಳ್ಬೇಡಿ. ಬರೆದುಕೊಡೋವರೆಗೂ ನಾನೂ ಇಲ್ಲೇ ನಿಂತಿರ್ತೀನಿ.”